ಯೂನಿಟ್ ದರ ಇಳಿಯಿತು, ಇಲ್ಲದ ಹಲ್ಲರ್‌ಗೆ ಬಿಲ್ಲು ಮಾತ್ರ ನಿಲ್ಲಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕರೆಂಟ್ ದರದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಯೂನಿಟ್‌ಗೆ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತವೆ. 2025ರ ಮಾರ್ಚ್‌ನಲ್ಲಿ ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ಹೊಸ ದರ ಪ್ರಕಟಿಸಿದಾಗಲೂ ಹಾಗೇ ಆಯಿತು. ಸಣ್ಣ ಕೈಗಾರಿಕೆಗಳಿಗೆ ಯೂನಿಟ್ ದರ 6.10 ರೂಪಾಯಿಯಿಂದ 4.50ಕ್ಕೆ ಇಳಿಯಿತು ಅಂತ ಓದಿ, ಮೆಣಸಿನಕಾಯಿ ತಂದ ಒಬ್ಬರು ನನ್ನ ಗಿರಣಿಯ ಕಟ್ಟೆ ಮೇಲೆ ಕೂತು ಕೇಳಿಯೇಬಿಟ್ಟರು: 'ಕರೆಂಟ್ ಅಗ್ಗ ಆಯ್ತಲ್ಲಮ್ಮ, ಬೀಸೋ ಕೂಲಿ ಯಾವಾಗ ಇಳಿಸ್ತೀರಿ?'

ಕೇಳಿದ್ದು ನ್ಯಾಯವೇ. ಆದರೆ ನಮ್ಮಂಥವರ ಬಿಲ್ಲನ್ನು ತೀರ್ಮಾನ ಮಾಡುವುದು ಯೂನಿಟ್ ದರ ಒಂದೇ ಅಲ್ಲ. ಎಷ್ಟೋ ತಿಂಗಳು ಅದು ಎರಡನೇ ಜಾಗದಲ್ಲಿ ಇರುತ್ತದೆ. ಮೊದಲ ಜಾಗ ಫಿಕ್ಸೆಡ್ ಚಾರ್ಜ್‌ನದ್ದು, ಅಂದರೆ ಕರೆಂಟ್ ಬಳಸಿದರೂ ಬಿಟ್ಟರೂ ಮಂಜೂರಾದ ಹೆಚ್‌ಪಿ ಲೆಕ್ಕದಲ್ಲಿ ತಿಂಗಳು ತಿಂಗಳೂ ಕಟ್ಟುವ ದುಡ್ಡು. ಆ ಚಾರ್ಜ್ ನಿಂತಿರುವುದು ಮೀಟರ್ ಹಾಕಿಸಿದ ದಿನ ಸಹಿ ಹಾಕಿದ ಒಂದು ಕಾಗದದ ಮೇಲೆ, ಅದೇ ಅಗ್ರಿಮೆಂಟ್.

ನಮ್ಮದು ತಾಲ್ಲೂಕು ಊರಿನ ಹಿಟ್ಟಿನ ಗಿರಣಿ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ರಾಗಿ, ಗೋಧಿ ಬೀಸುವ ಕಲ್ಲಿನ ಗಿರಣಿಗೆ 10 ಹೆಚ್‌ಪಿ ಮೋಟರ್. ಖಾರದಪುಡಿ ಯಂತ್ರಕ್ಕೆ ಇನ್ನೊಂದು 10 ಹೆಚ್‌ಪಿ. ಅಪ್ಪನ ಕಾಲದಲ್ಲಿ ಭತ್ತದ ಹೊಟ್ಟು ಬಿಡಿಸಿ ಅಕ್ಕಿ ಮಾಡುವ ಹಲ್ಲರ್ ಕೂಡ ಇತ್ತು, ಅದಕ್ಕೂ 10. ಹೀಗಾಗಿ ಅಗ್ರಿಮೆಂಟ್‌ನಲ್ಲಿ ಮಂಜೂರಾದ ಲೋಡ್ 30 ಹೆಚ್‌ಪಿ ಅಂತ ಬರೆದಿದೆ. ಊರಲ್ಲಿ ಎಲ್ಲರೂ ಪ್ಯಾಕೆಟ್ ಅಕ್ಕಿ ಕೊಳ್ಳೋಕೆ ಶುರು ಮಾಡಿದ ಮೇಲೆ ಹಲ್ಲರ್ ನಿಂತಿತು. ಕೊನೆಗೆ ಗುಜರಿಗೂ ಹೋಯಿತು. ಕಾಗದದಲ್ಲಿ ಮಾತ್ರ ಅದು ಇನ್ನೂ ತಿರುಗುತ್ತಿತ್ತು!

ಲೆಕ್ಕ ನೋಡಿ. ಫಿಕ್ಸೆಡ್ ಚಾರ್ಜ್ ಹೆಚ್‌ಪಿಗೆ 150 ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳೋಣ. 30 ಹೆಚ್‌ಪಿಗೆ ತಿಂಗಳಿಗೆ 4,500. ಮಳೆಗಾಲದಲ್ಲಿ ನಮ್ಮಲ್ಲಿ ಕೆಲಸ ಕಡಿಮೆ, 600 ಯೂನಿಟ್ ಓಡಿದರೆ ಜಾಸ್ತಿ. ಯೂನಿಟ್‌ಗೆ 4.50ರಂತೆ ಅದಕ್ಕೆ 2,700 ರೂಪಾಯಿ. ಅದರ ಮೇಲೆ ಶೇ 9 ತೆರಿಗೆ, 243. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ 2025-26ರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತ್ತು, ಅದು 216. ಒಟ್ಟು 7,659. ಆರುನೂರರಿಂದ ಭಾಗಿಸಿ. ಯೂನಿಟ್‌ಗೆ ಹನ್ನೆರಡೂಮುಕ್ಕಾಲು ರೂಪಾಯಿ ಬಿತ್ತು! ಪತ್ರಿಕೆಯಲ್ಲಿ ಓದಿದ ನಾಲ್ಕೂವರೆ ಎಲ್ಲಿ, ಇದೆಲ್ಲಿ?

ಬೇಸಿಗೆಯಲ್ಲಿ ಚಿತ್ರ ಬೇರೆ. ಮೆಣಸಿನಕಾಯಿ, ಧನಿಯಾ, ಹಪ್ಪಳದ ಹಿಟ್ಟು ಅಂತ ಜನ ಸಾಲು ನಿಲ್ಲುತ್ತಾರೆ. 1,500 ಯೂನಿಟ್ ಓಡಿದರೆ ಅದೇ ಲೆಕ್ಕದಲ್ಲಿ ಯೂನಿಟ್‌ಗೆ ಎಂಟೂಕಾಲು ರೂಪಾಯಿ. ಅಂದರೆ ವ್ಯಾಪಾರ ಬಿದ್ದ ತಿಂಗಳೇ ಕರೆಂಟ್ ತುಟ್ಟಿ.

ದರ ಇಳಿಸಿದ್ದರಿಂದ ಉಪಯೋಗವೇ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆರುನೂರು ಯೂನಿಟ್‌ಗೆ 960 ರೂಪಾಯಿ ಉಳಿಯಿತು. ಆದರೆ ಅದೇ ತಿಂಗಳು ಇಲ್ಲದ ಹಲ್ಲರ್‌ಗೆ 1,500 ರೂಪಾಯಿ ಕಟ್ಟಿದ್ದೂ ನಾವೇ. ವರ್ಷಕ್ಕೆ 18,000. ಎರಡು ಮೋಟರ್ ಇರುವ ಗಿರಣಿಗೆ ಅದು ಸಣ್ಣ ದುಡ್ಡಲ್ಲ.

ಹಾಗಾದರೆ ಲೋಡ್ ಕಡಿಮೆ ಮಾಡಿಸಿಕೊಳ್ಳಿ ಅನ್ನುತ್ತೀರಿ, ಅಲ್ವಾ? ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕರೆಂಟ್ ಕಂಪನಿಯ ಕಚೇರಿಗೆ ಅರ್ಜಿಯನ್ನೂ ಕೊಟ್ಟೆ. ಮೀಟರ್ ಅಪ್ಪನ ಹೆಸರಲ್ಲಿತ್ತು, ಮೊದಲು ಹೆಸರು ಬದಲಾಯಿಸಿ ಅಂದರು. ಅದಕ್ಕೆ ಖಾತೆ, ವಂಶವೃಕ್ಷ. ಅದು ಮುಗಿದ ಮೇಲೆ ಹಳೆ ಅಗ್ರಿಮೆಂಟ್‌ನ ಪ್ರತಿ ತನ್ನಿ ಅಂದರು. ಅದು ಇರಬೇಕಾದದ್ದು ಅವರ ಕಚೇರಿಯಲ್ಲಿ! 'ಆಫೀಸು ಬದಲಾಯಿಸಿದಾಗ ಫೈಲು ಎಲ್ಲಿ ಹೋಯ್ತೋ' ಅಂತ ಅಲ್ಲಿನವರೇ ಹೇಳಿದರು. ಕೊನೆಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಲ್ಲಿ ವರದಿ ಬರೆಸಿ, ಛಾಪಾ ಕಾಗದದ ಮೇಲೆ ಹೊಸ ಅಗ್ರಿಮೆಂಟ್ ಮಾಡಿಸಿ ಕೊಟ್ಟೆ. ಯುಗಾದಿಗೆ ಮುಂಚೆ ಶುರುವಾದ ಕೆಲಸ ಮುಗಿಯುವಾಗ ಆಯುಧಪೂಜೆಗೆ ಮೋಟರ್ ತೊಳೆಯುತ್ತಿದ್ದೆವು. ಅಷ್ಟು ದಿನವೂ 30 ಹೆಚ್‌ಪಿಗೇ ಬಿಲ್ಲು. ಅರ್ಜಿ ಕೊಟ್ಟ ದಿನದಿಂದ ಲೆಕ್ಕ ಹಿಡಿಯಿರಿ ಅಂದರೆ, ಹಾಗೆಲ್ಲ ಬರಲ್ಲ ಅನ್ನುವುದು ಉತ್ತರ.

ಲೋಡ್ ಸುಮ್ನೆ ಇಳಿಸಿಬಿಟ್ಟರೂ ಕಷ್ಟ. ಮಂಜೂರಾತಿ ಮೀರಿ ಬಳಸಿದ್ದು ಮೀಟರ್‌ನಲ್ಲಿ ದಾಖಲಾದರೆ ಹೆಚ್ಚುವರಿ ಪಾಲಿಗೆ ಎರಡರಷ್ಟು ಚಾರ್ಜ್ ಬೀಳುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ಹೇಳದೆ ಕೇಳದೆ ಪುಡಿ ಮಾಡುವ ಪಲ್ವರೈಸರ್ ಯಂತ್ರ ಕೂರಿಸಿ ಹಾಗೆ ದಂಡ ತೆತ್ತರು. ಬೇಕಾದಷ್ಟೇ ಇರಬೇಕು, ಅಷ್ಟೇ. ಆದರೆ ನಿಮಗೆ ಎಷ್ಟು ಬೇಕು ಅಂತ ಹೇಳುವವರು ಯಾರೂ ಇಲ್ಲ. ಮಂಜೂರಾದ ಲೋಡ್ ಎಷ್ಟು, ನಿಜವಾಗಿ ಏರಿದ್ದು ಎಷ್ಟು, ಎರಡೂ ಕಂಪನಿಯ ಕಂಪ್ಯೂಟರ್‌ನಲ್ಲೇ ಇದೆ. ನಿಮ್ಮ ಲೋಡ್ ಮೂರು ವರ್ಷದಿಂದ ಮೂರನೇ ಎರಡು ಪಾಲೂ ಮುಟ್ಟಿಲ್ಲ, ಬೇಕಾದರೆ ಇಳಿಸಿಕೊಳ್ಳಿ ಅಂತ ಬಿಲ್ಲಿನಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಏನು ಹೋಗುತ್ತದೆ? ಲೋಡ್ ಮೀರಿದಾಗ ಮಾತ್ರ ಆ ಕಂಪ್ಯೂಟರ್‌ಗೆ ತಕ್ಷಣ ಗೊತ್ತಾಗುತ್ತದೆ.

ಬಿಲ್ಲಿನ ಕಾಗದದ ಬಗ್ಗೆಯೂ ಒಂದು ಮಾತು. ಮೀಟರ್ ರೀಡರ್ ಹರಿದುಕೊಡುವ ಆ ನುಣುಪು ಚೀಟಿ ನಾಲ್ಕಾರು ತಿಂಗಳಲ್ಲಿ ಬಿಳಿ ಹಾಳೆಯಾಗುತ್ತದೆ. ಗಿರಣಿಯ ಬಿಸಿಗೆ ಇನ್ನೂ ಬೇಗ. ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ ನೋಡೋಣ ಅಂದರೆ ಅಕ್ಷರವೇ ಇರುವುದಿಲ್ಲ. ನಾನು ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದು, ಐದು ಅಂಕಿ ನೋಟ್‌ಬುಕ್‌ಗೆ ಇಳಿಸುತ್ತೇನೆ: ಯೂನಿಟ್, ಲೋಡ್, ಪಿಎಫ್, ಎಫ್‌ಪಿಪಿಸಿಎ, ಒಟ್ಟು.

ಈ ಪಿಎಫ್ ಅಂದರೆ ಪವರ್ ಫ್ಯಾಕ್ಟರ್, ಲೈನ್‌ನಿಂದ ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು ಎಷ್ಟು ಅಂತ ತೋರಿಸುವ ಅಂಕಿ. ನಮ್ಮಂಥ ಎಲ್‌ಟಿ (ಕಡಿಮೆ ವೋಲ್ಟೇಜ್) ಮೀಟರ್‌ಗಳಲ್ಲಿ ಅದು 0.85ಕ್ಕಿಂತ ಕೆಳಗಿಳಿದರೆ ಯೂನಿಟ್ ಲೆಕ್ಕದಲ್ಲಿ ದಂಡ ಬೀಳುತ್ತದೆ. ಒಂದು ಸಲ ನೋಟ್‌ಬುಕ್‌ನಲ್ಲಿ 0.91 ಇದ್ದದ್ದು ಮುಂದಿನ ತಿಂಗಳು 0.74 ಆಯಿತು. ಗಿರಣಿ ಎಂದಿನಂತೆ ಓಡುತ್ತಿತ್ತು, ಹಿಟ್ಟು ನುಣ್ಣಗೇ ಬರುತ್ತಿತ್ತು. ಸ್ಟಾರ್ಟರ್ ಪಕ್ಕದ ಡಬ್ಬಿ ಬಿಚ್ಚಿಸಿ ನೋಡಿದರೆ ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು, ಬುಡದಲ್ಲಿ ಎಣ್ಣೆ ಜಿನುಗಿತ್ತು. ಬದಲಾಯಿಸಿದೆವು, ಮುಂದಿನ ಬಿಲ್ಲಿನಲ್ಲಿ ದಂಡ ಇರಲಿಲ್ಲ. ಮೋಟರ್ ತಿರುಗಲು ಬೇಕಾದ ಕಾಂತದ ಕರೆಂಟನ್ನು ಕೆಪಾಸಿಟರ್ ಅಲ್ಲೇ ಕೊಡುತ್ತದೆ. ಅದು ಕೆಟ್ಟರೆ ಅಷ್ಟನ್ನೂ ಲೈನ್‌ನಿಂದಲೇ ಎಳೆಯಬೇಕು. ನಮ್ಮ ಎಲೆಕ್ಟ್ರಿಷಿಯನ್ ಹೇಳಿಕೊಟ್ಟಿದ್ದು ಇಷ್ಟು. ಬಿಲ್ಲಿನಲ್ಲಿ ಮಾತ್ರ ಎರಡು ಇಂಗ್ಲಿಷ್ ಅಕ್ಷರ, ಒಂದು ಅಂಕಿ. ಪಕ್ಕದ ಊರಿನ ಗಿರಣಿಯವರು ಆ ದಂಡವನ್ನು ಎಷ್ಟೋ ಕಾಲದಿಂದ ತೆರಿಗೆ ಅಂದುಕೊಂಡೇ ಕಟ್ಟುತ್ತಿದ್ದರು.

ಕರೆಂಟ್ ಉಳಿಸುವ ಇನ್ನೊಂದು ದಾರಿ ಕಲ್ಲಿನಲ್ಲಿದೆ. ಬೀಸುವ ಕಲ್ಲಿನ ಗೆರೆ ಸವೆದಾಗ ಅದೇ ರಾಗಿಗೆ ಕರೆಂಟ್ ಅಳೆಯುವ ಆಮ್ಮೀಟರ್‌ನ ಮುಳ್ಳು ಮೇಲೆ ನಿಲ್ಲುತ್ತದೆ. ಹಿಟ್ಟು ಕೈಗೆ ಬಿಸಿಯಾಗಿ ಬರುತ್ತದೆ. ಕಲ್ಲು ಕಟೆಸಿದ ಮಾರನೇ ದಿನ ಮುಳ್ಳು ಇಳಿದಿರುತ್ತದೆ. ಕಲ್ಲು ಕಟೆಯುವವರು ಸಿಗುವುದೇ ಈಗ ಕಷ್ಟ, ಅದು ಬೇರೆ ವಿಷಯ.

ಇನ್ನು ಎಫ್‌ಪಿಪಿಸಿಎ. ಕಂಪನಿ ಕರೆಂಟ್ ಕೊಳ್ಳುವ ಖರ್ಚು, ಇಂಧನದ ಖರ್ಚು ಹೆಚ್ಚು ಕಡಿಮೆ ಆದದ್ದನ್ನು ನಮ್ಮ ಬಿಲ್ಲಿಗೆ ಸೇರಿಸುವ ಲೆಕ್ಕ ಅದು. ತಿಂಗಳು ತಿಂಗಳೂ ಬದಲಾಗುತ್ತದೆ. ನಾನು ಗೋಡೆ ಮೇಲಿನ ಬೋರ್ಡಿನಲ್ಲಿ ಬೀಸುವ ಕೂಲಿಯನ್ನು ತಿಂಗಳು ತಿಂಗಳೂ ತಿದ್ದಲು ಹೋದರೆ ಜನ ಸುಮ್ಮನಿರುತ್ತಾರಾ?

ಡಿಪಾಸಿಟ್ ಕಥೆಯೂ ಹಾಗೇ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಕಂಪನಿಯಲ್ಲಿ ಇರಬೇಕು. ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಕಡಿಮೆ ಇದ್ದರೆ ಹೆಚ್ಚುವರಿ ಕೇಳುತ್ತಾರೆ. ಇದು ತಪ್ಪಲ್ಲ. ಆದರೆ ನಮಗೆ ಆ ನೋಟಿಸ್ ಬಂದದ್ದು ಮಳೆಗಾಲದಲ್ಲಿ, ಗಲ್ಲಾಪೆಟ್ಟಿಗೆ ಖಾಲಿ ಇದ್ದಾಗ, ಒಂದೇ ಕಂತಿನಲ್ಲಿ ಕಟ್ಟಿ ಅಂತ. ಓದುಗರಲ್ಲಿ ಅಂಗಡಿ, ಗಿರಣಿ ಇಟ್ಟವರಿದ್ದರೆ ಒಂದು ನೆನಪಿಡಿ: ಆ ಠೇವಣಿಗೆ ಬಡ್ಡಿ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಬಿಲ್ಲಿನಲ್ಲಿ ಬಡ್ಡಿ ಜಮಾ ಆಗಿದೆಯಾ ನೋಡಿ.

ಬೇರೆ ಕಡೆಯಿಂದ ಕರೆಂಟ್ ಕೊಳ್ಳಬಹುದಲ್ಲ ಅಂತ ಪಟ್ಟಣದ ನೆಂಟರೊಬ್ಬರು ಕೇಳಿದರು. ದೊಡ್ಡ ಕಾರ್ಖಾನೆಗಳು ಹಾಗೆ ಕೊಳ್ಳುತ್ತವೆ. ಕೇಂದ್ರದ 2022ರ ಹಸಿರು ಓಪನ್ ಆ್ಯಕ್ಸೆಸ್ ನಿಯಮದಲ್ಲಿ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದ್ದಾರೆ. ಅಂದರೆ ಸುಮಾರು 134 ಹೆಚ್‌ಪಿ. 20 ಹೆಚ್‌ಪಿಯ ನಮಗೆ ಅದರ ಬಾಗಿಲು ಮುಚ್ಚಿದೆ. ಛಾವಣಿಗೆ ಸೋಲಾರ್ ಹಾಕಿಕೊಡುತ್ತೇವೆ ಅಂತ ಒಬ್ಬರು 25 ವರ್ಷದ ಕರಾರು ಹಿಡಿದು ಬಂದಿದ್ದರು. ಮೊದಲ ವರ್ಷದ ದರ ಚೆನ್ನಾಗಿತ್ತು. ವರ್ಷ ವರ್ಷ ದರ ಏರುವ ಷರತ್ತು, ಬಳಸಿದರೂ ಬಿಟ್ಟರೂ ಇಷ್ಟು ಯೂನಿಟ್‌ಗೆ ದುಡ್ಡು ಕಟ್ಟಬೇಕು ಅನ್ನುವ ಷರತ್ತು ಒಳಗಿನ ಪುಟದಲ್ಲಿದ್ದವು. ಇಲ್ಲದ ಹಲ್ಲರ್‌ಗೆ ಕಟ್ಟಿ ಸಾಕಾಗಿರುವ ನಾನು ಇಲ್ಲದ ಬಿಸಿಲಿಗೂ ಕಟ್ಟಲಾ? ಕಾಗದ ವಾಪಸ್ ಕೊಟ್ಟೆ. ಸ್ವಂತ ದುಡ್ಡಲ್ಲಿ ಹಾಕಿಸೋಣ ಅಂದರೆ ಕೇಂದ್ರದ ಛಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನ ಸಬ್ಸಿಡಿ ಮನೆಗಳಿಗೆ ಮಾತ್ರ.

ಗೃಹಜ್ಯೋತಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮನೆಗೂ ಅದರಿಂದ ಅನುಕೂಲವಾಗಿದೆ. ಆದರೆ ಮನೆ ಮೀಟರ್‌ಗೆ ಸಣ್ಣ ಗಿರಣಿ ತಗುಲಿಸಿ ಬೀದಿಗೆಲ್ಲ ಬೀಸಿಕೊಡುವವರು ಹೆಚ್ಚಿದ್ದಾರೆ. ಸಿಕ್ಕಿಬಿದ್ದರೆ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡರಷ್ಟು ದರ ಕಟ್ಟಬೇಕು. ಅವರೂ ಬಡವರೇ. ಅವರು ಹೆದರದೆ ಸರಿಯಾದ ಮೀಟರ್ ತೆಗೆದುಕೊಳ್ಳುವಂತೆ ಎರಡು, ಮೂರು ಹೆಚ್‌ಪಿಯವರಿಗೆ ಫಿಕ್ಸೆಡ್ ಚಾರ್ಜ್ ಹಗುರ ಮಾಡಲಿ. ದಂಡಕ್ಕಿಂತ ಅದು ವಾಸಿ.

ಕೆಇಆರ್‌ಸಿ ದರ ನಿಗದಿ ಮಾಡುವ ಮುಂಚೆ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ದೊಡ್ಡ ಸಂಘಗಳು ಹೋಗಿ ಮಾತಾಡುತ್ತವೆ. ಬೇಡಿಕೆ ಹೆಚ್ಚಾಗಿ ಯೂನಿಟ್ ದರದ್ದು, ತೆರಿಗೆಯದ್ದು. ಗಿರಣಿ, ಬೇಕರಿ, ಲೇತ್ ವರ್ಕ್‌ಶಾಪ್‌ನವರು ಒಂದು ದಿನ ಬಾಗಿಲು ಹಾಕಿ ದೂರದ ಊರಿಗೆ ಹೋಗುವುದು ಕಷ್ಟ. ಆದರೆ ಆಕ್ಷೇಪಣೆಯನ್ನು ಬರೆದು ಕಳಿಸಬಹುದು, ಕನ್ನಡದಲ್ಲೇ ಬರೆಯಬಹುದು. ಮುಂದಿನ ವಿಚಾರಣೆಗೆ ನಮ್ಮ ಊರಿನ ಗಿರಣಿಯವರೆಲ್ಲ ಸೇರಿ ಬರೆಯುತ್ತಿದ್ದೇವೆ. ಕೇಳುವುದು ಮೂರು: ಲೋಡ್ ಇಳಿಸುವ ಅರ್ಜಿ ಇಷ್ಟು ದಿನದಲ್ಲಿ ಮುಗಿಯಬೇಕು ಅನ್ನುವ ಗಡುವು ಇರಲಿ, ತಡವಾದರೆ ಅರ್ಜಿಯ ದಿನದಿಂದಲೇ ಹೊಸ ಲೆಕ್ಕ ಹಿಡಿಯಲಿ. ಹಳೆ ಅಗ್ರಿಮೆಂಟ್ ಕಚೇರಿಯಲ್ಲಿ ಸಿಗದಿದ್ದರೆ ಆ ಹೊರೆ ಗ್ರಾಹಕರ ತಲೆಗೆ ಕಟ್ಟಬಾರದು. ಹೆಚ್ಚುವರಿ ಠೇವಣಿಯನ್ನು ಕಂತಿನಲ್ಲಿ ಕಟ್ಟಲು ಬಿಡಲಿ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಮುಂದಿನ ಸಲ ದರದ ಸುದ್ದಿ ಹಾಕುವಾಗ ಯೂನಿಟ್ ದರದ ಪಕ್ಕದಲ್ಲೇ ಫಿಕ್ಸೆಡ್ ಚಾರ್ಜ್ ಎಷ್ಟಾಯಿತು ಅಂತಲೂ ಅಷ್ಟೇ ದಪ್ಪಕ್ಕೆ ಹಾಕಿ. ಗಿರಣಿ ಕಟ್ಟೆ ಮೇಲೆ ಕೂತವರಿಗೆ ತೋರಿಸಲು ನನಗೂ ಬೇಕು.

ಇಂತಿ,
ತಾಲ್ಲೂಕು ಊರಿನ ಗಿರಣಿಯವಳು
(ಹೆಸರು, ವಿಳಾಸ ಪತ್ರಿಕೆಗೆ ಕೊಟ್ಟಿದ್ದೇನೆ, ಪ್ರಕಟಿಸುವುದು ಬೇಡ)