ಮೇಲ್ಮನವಿ ವಜಾ ಆದ ಮೇಲೆ ಮಗಳಿಗೊಂದು ಪತ್ರ

ಚಿ. ಸುಮನಾಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನೀನು ವಕೀಲೆಯಾಗಿ ವಾದಿಸಿದ ಆ ಆರೋಪಿ ಹುಡುಗನ ಮೇಲ್ಮನವಿ ವಜಾ ಆಯಿತೆಂದೂ ಇಂಥ ಮಕ್ಕಳ ಪರ ವಾದಿಸುವ ಈ ಕೆಲಸವನ್ನೇ ಬಿಟ್ಟುಬಿಡುವ ಯೋಚನೆಯಿದೆಯೆಂದೂ ನೀನು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆ ಮೌನದಿಂದ ನೊಂದುಕೊಂಡಿದ್ದರೆ ಕ್ಷಮಿಸು. ನೀನು ಕಳಿಸಿದ ತೀರ್ಪನ್ನು, ಹುಡುಗನ ಹೆಸರಿನ ಜಾಗದಲ್ಲಿ ಬರೀ ಎರಡಕ್ಷರವಿರುವ ಆ ತೀರ್ಪನ್ನು, ನಿಧಾನವಾಗಿ ಓದಿದ್ದೇನೆ.

ನಿಮ್ಮ ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟು 2022ರ ನೈಯೆಮಾ ಪ್ರಕರಣದಲ್ಲಿ, ದರೋಡೆ ಮಾಡಿದವರು ಇಬ್ಬರು ಕಪ್ಪು ಗಂಡಸರು ಎಂಬಷ್ಟೇ ಮಾಹಿತಿಯಿಂದ ಯಾರನ್ನೂ ತಡೆದು ನಿಲ್ಲಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಿನ್ನ ಹುಡುಗನ ವಿಷಯದಲ್ಲಿ ಆ ಮಾಹಿತಿಗೆ ಒಂದು ಕಪ್ಪು ಮೇಲಂಗಿ ಸೇರಿಕೊಂಡಿತು, ಪೊಲೀಸರನ್ನು ಕಂಡು ಅವನು ಹೆಜ್ಜೆ ಬಿರುಸು ಮಾಡಿದ ಎಂಬ ಮಾತೂ ಸೇರಿಕೊಂಡಿತು, ಅಷ್ಟಕ್ಕೇ ಪೀಠಕ್ಕೆ ಸಮಾಧಾನವಾಯಿತು. ತಡೆದದ್ದು ಸರಿ ಎಂದಾದ ಮೇಲೆ, ಕೈಕೋಳ ಹಾಕಿ ಪೊಲೀಸ್ ಕಾರಿನ ಪಕ್ಕ ನಿಲ್ಲಿಸಿದ ಆ ಒಬ್ಬನನ್ನೇ ತೋರಿಸಿ ಸಾಕ್ಷಿಯಾದ ಅಂಗಡಿಯಾಕೆಯಿಂದ ಗುರುತು ಹಿಡಿಸಿದ್ದೂ ಸರಿಯೇ ಆಯಿತು. ಇದನ್ನೆಲ್ಲ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ಪುಟ ಓದುತ್ತಿದ್ದಂತೆ ನನ್ನ ತಹಶೀಲ್ದಾರಿಕೆಯ ದಿನಗಳ ಒಂದು ಗುರುತಿನ ಪರೇಡು ಎದ್ದು ಬಂತು. ನಿನಗೆ ಇದುವರೆಗೆ ಹೇಳಿರಲಿಲ್ಲ.

1994, ಮಲೆನಾಡಿನ ಒಂದು ತಾಲ್ಲೂಕು. ತಾಲ್ಲೂಕು ದಂಡಾಧಿಕಾರಿಯಾಗಿ ಪರೇಡು ನಡೆಸಲು ಉಪಕಾರಾಗೃಹಕ್ಕೆ ಹೋಗಿದ್ದೆ. ಆರೋಪಿ ಹದಿನೇಳರ ಹುಡುಗ. ಆಗ ಜಾರಿಯಲ್ಲಿದ್ದ 1986ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಗಂಡುಮಕ್ಕಳು ಹದಿನಾರಕ್ಕೇ ದೊಡ್ಡವರು. ಹದಿನೆಂಟರ ರಕ್ಷಣೆ ಅವರಿಗೆ ಸಿಕ್ಕಿದ್ದು 2000ದ ಕಾಯ್ದೆಯಿಂದ. ಹಾಗಾಗಿ ಅವನು ದೊಡ್ಡವರ ಜೈಲಿನಲ್ಲೇ ಇದ್ದ. ಪೊಲೀಸರನ್ನು ಹೊರಗೆ ಕಳಿಸಿ, ಪಂಚರನ್ನು ಕೂರಿಸಿಕೊಂಡು, ಅವನದೇ ಎತ್ತರ ಮೈಕಟ್ಟಿನ ವಿಚಾರಣಾಧೀನ ಕೈದಿಗಳನ್ನು ಸಾಲಾಗಿ ನಿಲ್ಲಿಸಿ, ಬೇಕಾದ ಜಾಗದಲ್ಲಿ ನಿಲ್ಲಬಹುದು, ಅಂಗಿಯನ್ನೂ ಬದಲಿಸಿಕೊಳ್ಳಬಹುದು ಎಂದು ಅವನಿಗೆ ತಿಳಿಸಿದೆ. ಪಕ್ಕದವನ ಅಂಗಿ ಹಾಕಿಕೊಂಡ. ತೋಳು ಉದ್ದವಾಗಿ ಬೆರಳು ಮುಚ್ಚುತ್ತಿತ್ತು, ಎರಡು ಮಡಿಕೆ ಮಡಚಿಕೊಂಡ. ಏನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ, "ಸಾರ್, ನಿನ್ನೆ ಸ್ಟೇಷನ್ನಿನಲ್ಲಿ ಸರ ಕಳೆದುಕೊಂಡ ಅಮ್ಮನಿಗೆ ನನ್ನನ್ನು ತೋರಿಸಿಬಿಟ್ಟಿದ್ದಾರೆ" ಎಂದ. ಅದನ್ನು ಅವನ ಮಾತಿನಲ್ಲೇ ಬರೆದುಕೊಂಡೆ. ಸಾಕ್ಷಿ, ವಯಸ್ಸಾದ ಹೆಂಗಸು, ಒಳಗೆ ಬಂದರು. ಸಾಲಿನ ಮೊದಲಿನ ಮೂವರ ಮುಖವನ್ನು ಅವರು ನೋಡಲೇ ಇಲ್ಲ, ನೇರವಾಗಿ ನಡೆದು ಹೋಗಿ ಆ ಮಡಚಿದ ತೋಳಿನ ಮೇಲೆ ಕೈಯಿಟ್ಟರು.

ಆ ಹೆಂಗಸು ಸುಳ್ಳು ಹೇಳುವವರಲ್ಲ, ಅದನ್ನು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಮಾಂಗಲ್ಯದ ಸರ ಕಳೆದುಕೊಂಡವರು, ಕಳ್ಳ ಸಿಕ್ಕನೆಂಬ ನಿರಾಳ ಅವರ ಮುಖದಲ್ಲಿತ್ತು. ಆದರೆ ಅವರು ಗುರುತಿಸಿದ್ದು ಕಳವಿನ ರಾತ್ರಿ ಕಂಡ ಮುಖವನ್ನೋ, ಹಿಂದಿನ ದಿನ ಠಾಣೆಯ ಬೆಂಚಿನ ಮೇಲೆ ಕಂಡ ಮುಖವನ್ನೋ? ಅದನ್ನು ಅವರೂ ಹೇಳಲಾರರು, ಏಕೆಂದರೆ ಅವರೊಳಗೆ ಅವೆರಡೂ ಆಗಲೇ ಒಂದಾಗಿದ್ದವು. ಅಷ್ಟರಲ್ಲಿ ನನಗೆ ವರ್ಗವಾಯಿತು, ಪ್ರಕರಣ ಏನಾಯಿತೋ ತಿಳಿಯಲಿಲ್ಲ. ಸಾಲು, ಪಂಚರು, ಅಂಗಿ ಬದಲಿಸುವ ಅವಕಾಶ, ಎಲ್ಲ ಇದ್ದೂ ಹೀಗೆ. ಇನ್ನು ಸಾಲೇ ಇಲ್ಲದೆ, ಒಬ್ಬನನ್ನೇ ಕೈಕೋಳದಲ್ಲಿ ತೋರಿಸಿದರೆ ಆ ಅಂಗಡಿಯಾಕೆ ಬೇರೇನು ಹೇಳಿಯಾಳು?

ಅದಕ್ಕೇ ಹೇಳುತ್ತೇನೆ, ಸಾಕ್ಷಿ ಸುಳ್ಳುಗಾತಿ ಎಂಬ ಧಾಟಿ ನಿನ್ನ ವಾದದಲ್ಲಿ ಎಲ್ಲಿಯೂ ಸುಳಿಯದಿರಲಿ. ತೋರಿಸಿದ ಬಗೆಯ ಮೇಲೆ ವಾದ ಕಟ್ಟು. ಅಮೆರಿಕದ ಸುಪ್ರೀಂ ಕೋರ್ಟು 1977ರ ಮ್ಯಾನ್ಸನ್ ತೀರ್ಪಿನಲ್ಲಿ, ಒಂದೇ ಫೋಟೋ ತೋರಿಸಿ ಹಿಡಿಸಿದ ಗುರುತನ್ನೂ ಒಪ್ಪಿಕೊಂಡು, ಅದು ನಂಬಲರ್ಹವೇ ಎಂದು ತೂಗುವಾಗ ಸಾಕ್ಷಿಯ ಖಚಿತತೆಯನ್ನೂ ಲೆಕ್ಕಕ್ಕೆ ಹಿಡಿಯಿತು. ತೋರಿಸಿದ ಬಗೆಯಿಂದಲೇ ಹುಟ್ಟುವ ಖಚಿತತೆ ಆ ಬಗೆಗೆ ಸಮರ್ಥನೆಯಾಗುವುದು ಎಂಥ ನ್ಯಾಯ! ನಿಮ್ಮ ರಾಜ್ಯವೇ 2011ರ ಹೆಂಡರ್ಸನ್ ತೀರ್ಪಿನಲ್ಲಿ ಆ ಅಳತೆಗೋಲು ಸಾಲದೆಂದು ಹೇಳಿ, ನೆನಪು ಹೇಗೆ ಕದಡುತ್ತದೆಂಬ ವಿಜ್ಞಾನವನ್ನು ಕೋರ್ಟಿನೊಳಗೆ ತಂದಿತು. ನಿಮ್ಮ ಬಾಲನ್ಯಾಯಾಲಯದಲ್ಲಿ ತೀರ್ಮಾನ ಮಾಡಲು ಜನಸಾಮಾನ್ಯರ ಜೂರಿಯೂ ಇಲ್ಲ. ಗುರುತನ್ನು ಸಾಕ್ಷ್ಯದಿಂದ ಹೊರಗಿಡಬೇಕೇ ಎಂದು ವಾದ ಕೇಳಿದ ನ್ಯಾಯಾಧೀಶರೇ, ಹೊರಗಿಟ್ಟದ್ದನ್ನು ಮರೆತು ತೀರ್ಪನ್ನೂ ಬರೆಯಬೇಕಾಗುತ್ತದೆ. ಮೇಲಿನ ಪೀಠವೋ ಕಾಗದದಲ್ಲಿ ಇರುವುದನ್ನಷ್ಟೇ ಓದುತ್ತದೆ. ಆದ್ದರಿಂದ ಕೆಳಗಿನ ಕೋರ್ಟಿನ ವಕೀಲರಿಗೆ ಗಂಟೆ ಎಷ್ಟಾಗಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು, ಪೊಲೀಸರು ಆಡಿದ ಮಾತೇನು, ಎಲ್ಲವನ್ನೂ ಕೇಳಿ ದಾಖಲಿಸುವಂತೆ ಮತ್ತೆ ಮತ್ತೆ ಹೇಳು. ಇದು ಉಪದೇಶವಾಯಿತೆಂದು ಗೊತ್ತು, ಆದರೂ ಅಳಿಸುವುದಿಲ್ಲ.

ಆ ಜೈಲಿನಲ್ಲಿ ಹುಡುಗನ ಮಾತಿಗೆ ಬೆಲೆ ಸಿಗಬೇಕಾದರೆ ನನ್ನ ಬರಹವನ್ನು ಮುಂದೆ ಯಾರಾದರೂ ಎತ್ತಿ ತೋರಿಸಬೇಕಿತ್ತು. ಅಂಥ ಕೆಲಸವನ್ನು ನನ್ನ ಮಗಳು ಮಾಡುತ್ತಿದ್ದಾಳೆ ಎಂಬುದು ನನಗೆ ಎಷ್ಟು ದೊಡ್ಡ ಹೆಮ್ಮೆಯೆಂದು ನಿನಗೆ ತಿಳಿದಿರಲಿಕ್ಕಿಲ್ಲ. ಅರಿಜೋನಾದಲ್ಲಿ ಹದಿನೈದರ ಜೆರಾಲ್ಡ್ ಗಾಲ್ಟ್‌ನನ್ನು ಒಂದು ಫೋನ್ ಕರೆಯ ಆರೋಪಕ್ಕೆ ಇಪ್ಪತ್ತೊಂದು ತುಂಬುವವರೆಗೆ ಇರಬೇಕೆಂದು ಸುಧಾರಣಾ ಶಾಲೆಗೆ ಕಳಿಸಿದಾಗ, ಅಲ್ಲಿನ ಕಾನೂನಿನಲ್ಲಿ ಮಕ್ಕಳಿಗೆ ಮೇಲ್ಮನವಿಯೇ ಇರಲಿಲ್ಲ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಪರ ನಿಂತದ್ದರಿಂದಲೇ ಇಂದು ಇಂಥ ಮಕ್ಕಳ ಪಕ್ಕದಲ್ಲಿ ವಕೀಲರಿದ್ದಾರೆ. ಹಾಗೆಂದು ನಿನ್ನ ಆರೋಗ್ಯವನ್ನು ಪಣಕ್ಕಿಡು ಎನ್ನುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದಂದಿನಿಂದ ಅಮ್ಮನಿಗೆ ನಿದ್ದೆಯಿಲ್ಲ, ನನಗೂ ಇಲ್ಲ. ಕೆಲಸ ಬಿಡುವುದಾದರೆ ದಣಿವಾಗಿದೆ ಎಂದು ಬಿಡು, ಸೋತೆನೆಂದು ಬಿಡಬೇಡ.

ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುವುದಾದರೆ ನೋಟಿಸು ಸಲ್ಲಿಸಲು 20 ದಿನವಷ್ಟೇ ಗಡುವು, ಅದರಲ್ಲಿ ಕೆಲವು ಆಗಲೇ ಕಳೆದಿವೆ. ಹುಡುಗನನ್ನೂ ಅವನ ತಾಯಿಯನ್ನೂ ಕೂರಿಸಿ ಕೇಳು, ಅವರು ಒಪ್ಪಿದರೆ ಈ ವಾರವೇ ಸಲ್ಲಿಸು. ಅರ್ಜಿಯಲ್ಲಿ ತಡೆದು ನಿಲ್ಲಿಸಿದ ವಿಷಯವನ್ನೇ ಮೊದಲು ಇಡು. ಆ ಬುಡ ಕಳಚಿದರೆ ಅದರಿಂದ ಬಂದ ಗುರುತನ್ನು ಹೊರಗಿಡಿ ಎಂದು ಕೇಳಲು ದಾರಿಯಾಗುತ್ತದೆ. ಸಲ್ಲಿಸಿದ ಮೇಲೆ ನನಗೂ ಒಂದು ಪ್ರತಿ ಕಳಿಸು, ಅವನ ಹೆಸರು ಎಲ್ಲಿಯೂ ಇಲ್ಲವೆಂದು ಖಚಿತ ಮಾಡಿಕೊಂಡೇ ಕಳಿಸು.

ನಿನ್ನ ಅಪ್ಪ