ಪೋರ್ಟಬಲ್ ಕೋಣೆಗಳ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ನಾವು ಬಾಡಿಗೆಗೆ ಪಡೆಯುವ ಸರ್ಕಾರಿ ಶಾಲೆಯ ಕಟ್ಟಡದಲ್ಲಿ ಕೆಲಸ ನಡೆಯುತ್ತಿರುವುದರಿಂದ, ಕಳೆದ ಭಾನುವಾರ ನಮ್ಮ ಕನ್ನಡ ಕ್ಲಾಸುಗಳನ್ನು ಶಾಲೆಯ ಹಿಂಬದಿಯ ಪೋರ್ಟಬಲ್ ಕೋಣೆಗಳಿಗೆ, ಅಂದರೆ ಡಬ್ಬದಂತಿರುವ ತಾತ್ಕಾಲಿಕ ಕೋಣೆಗಳಿಗೆ, ಸಾಗಿಸಿದ್ದು ನಿಮ್ಮಲ್ಲಿ ಹಲವರಿಗೆ ಬೇಸರ ತಂದಿದೆ. ಒಬ್ಬ ತಂದೆ ಮಗಳನ್ನು ಅರ್ಧ ಕ್ಲಾಸಿನಲ್ಲೇ ಮನೆಗೆ ಕರೆದುಕೊಂಡು ಹೋದರು. ವಾಟ್ಸಾಪ್ ಗುಂಪಿನಲ್ಲಿ ನೀವು ಬರೆದಿದ್ದನ್ನೆಲ್ಲ ಓದಿದ್ದೇನೆ. ನೆಲ ಕಿರುಗುಟ್ಟುತ್ತದೆ, ಎಸಿ ಸದ್ದಿನಲ್ಲಿ ಟೀಚರ್ ಮಾತು ಕೇಳಿಸುವುದಿಲ್ಲ, ಟಾಯ್ಲೆಟ್ ದೂರ. ಮೂರೂ ನಿಜ. ಶನಿವಾರ ರಾತ್ರಿ ಹತ್ತು ಗಂಟೆಗೆ ನಿಮಗೆ ತಿಳಿಸಿದ್ದು ನಮ್ಮ ತಪ್ಪು. ಕ್ಷಮೆ ಕೇಳುತ್ತೇನೆ.

ಆದರೆ ಮತ್ತೆ ಮತ್ತೆ ಬಂದ ಒಂದು ಮಾತಿಗೆ ಉತ್ತರ ಕೊಡಲೇಬೇಕು. "ಬಾಂಡ್ ಅಂತ ಪ್ರಾಪರ್ಟಿ ಟ್ಯಾಕ್ಸ್ ಕಟ್ಟೋದು ನಾವು. ಆ ದುಡ್ಡಲ್ಲೇ ಕಟ್ಟಡದ ಕೆಲಸ. ಅದರ ಮೇಲೆ ಕನ್ನಡ ಶಾಲೆಗೂ ಫೀಸು. ಆದ್ರೂ ನಮ್ಮ ಮಕ್ಕಳೇ ಯಾಕೆ ಡಬ್ಬದೊಳಗೆ ಕೂರಬೇಕು?"

ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಬಾಂಡ್ ಅಂದರೆ ಕಟ್ಟಡದ ಕೆಲಸಕ್ಕೆ ಶಾಲಾ ಡಿಸ್ಟ್ರಿಕ್ಟ್ ಊರಿನವರ ವೋಟು ಪಡೆದು ಎತ್ತುವ ಸಾಲ; ಅದು ತೀರುವುದು ನಮ್ಮ ಪ್ರಾಪರ್ಟಿ ಟ್ಯಾಕ್ಸಿನಿಂದ. ನಾನೂ ಇದೇ ಡಿಸ್ಟ್ರಿಕ್ಟಿನಲ್ಲಿ ಮನೆ ಕೊಂಡವಳು. ಕ್ಯಾಲಿಫೋರ್ನಿಯಾದಲ್ಲಿ ಟ್ಯಾಕ್ಸ್ ಹಾಕುವುದು ಮನೆಯ ಇವತ್ತಿನ ಬೆಲೆಗಲ್ಲ, ಕೊಂಡಾಗಿನ ಬೆಲೆಗೆ. 1978ರಲ್ಲಿ ಜನರ ವೋಟಿನಿಂದಲೇ ಬಂದ ಪ್ರಾಪೊಸಿಷನ್ 13 ಎಂಬ ಕಾನೂನಿನ ಪ್ರಕಾರ, ಮನೆ ಕೈ ಬದಲಾಗುವವರೆಗೆ ಟ್ಯಾಕ್ಸಿಗೆ ಹಿಡಿಯುವ ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರಿಗಿಂತ, ಮೊನ್ನೆ ಮೊನ್ನೆ ಕೊಂಡ ನಮ್ಮಂಥವರಿಗೆ ಬಾಂಡಿನ ಭಾರವೂ ಜಾಸ್ತಿ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಕುಟುಂಬಗಳೂ ನಮ್ಮಲ್ಲಿ ಇವೆ. ಅವರು ಟ್ಯಾಕ್ಸ್ ಕಟ್ಟುತ್ತಾರೆ, ಆದರೆ ಬಾಂಡ್ ಬೇಕೋ ಬೇಡವೋ ಅಂತ ವೋಟು ಹಾಕುವಂತಿಲ್ಲ. ಅದು ನೋವಿನ ವಿಷಯವೇ.

ಆದರೂ ಆ ದುಡ್ಡು ನಮ್ಮ ಭಾನುವಾರದ ಕ್ಲಾಸಿಗೆಂದು ಕಟ್ಟಿದ್ದಲ್ಲ. ವಾರವಿಡೀ ಅಲ್ಲಿ ಓದುವ ಮಕ್ಕಳ ಶಾಲೆಗೆ ಕಟ್ಟಿದ್ದು. ನಾವು ಅಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೂರುವವರು. ನಿಮ್ಮ ಫೀಸು ಹೋಗುವುದು ಆ ಬಾಡಿಗೆಗೆ, ಇನ್ಶೂರೆನ್ಸಿಗೆ, ಪುಸ್ತಕಗಳಿಗೆ. ಕಟ್ಟಡಕ್ಕೆ ಅದರಲ್ಲಿ ಒಂದು ಡಾಲರೂ ಹೋಗುವುದಿಲ್ಲ. ಒಂದೇ ಕೆಲಸಕ್ಕೆ ಎರಡು ಸಲ ಕಟ್ಟುತ್ತಿದ್ದೇವೆ ಅಂತ ದಯವಿಟ್ಟು ತಿಳಿಯಬೇಡಿ.

"ಬಾಂಡ್ ದುಡ್ಡಿನಲ್ಲಿ ನಮ್ಮ ಬಾಡಿಗೆ ಇಳಿಸಲು ಕೇಳಿ" ಎಂದು ಇಬ್ಬರು ಬರೆದಿದ್ದೀರಿ. ಅದು ಆಗದ ಮಾತು. ಮೊದಲೆಲ್ಲ ಇಲ್ಲಿ ಶಾಲೆಯ ಬಾಂಡ್ ಪಾಸಾಗಲು ಮೂರರಲ್ಲಿ ಎರಡು ಪಾಲು ವೋಟು ಬೇಕಿತ್ತು. 2000ದಲ್ಲಿ ಪ್ರಾಪೊಸಿಷನ್ 39 ಅದನ್ನು ಶೇ. 55ಕ್ಕೆ ಇಳಿಸಿತು, ಜೊತೆಗೇ ಬಿಗಿ ನಿಯಮಗಳನ್ನೂ ತಂದಿತು. ದುಡ್ಡು ಕಟ್ಟಡ, ರಿಪೇರಿ, ಪೀಠೋಪಕರಣ, ಜಾಗ ಇಂಥದ್ದಕ್ಕೇ ಹೋಗಬೇಕು. ಟೀಚರ್ ಸಂಬಳಕ್ಕೂ ಮುಟ್ಟುವಂತಿಲ್ಲ, ದಿನದ ಖರ್ಚಿಗೂ ಮುಟ್ಟುವಂತಿಲ್ಲ. ಏನೇನು ಕೆಲಸ ಅಂತ ಪಟ್ಟಿಯನ್ನು ವೋಟಿಗೆ ಮೊದಲೇ ಕೊಡಬೇಕು. ಪ್ರತಿ ವರ್ಷ ಆಡಿಟ್ ಆಗಬೇಕು. ಯೂನಿಫೈಡ್ ಡಿಸ್ಟ್ರಿಕ್ಟ್ (ಚಿಕ್ಕ ಮಕ್ಕಳ ಶಾಲೆಯಿಂದ ಹೈಸ್ಕೂಲಿನವರೆಗೆ ಒಂದೇ ಆಡಳಿತ) ಆದರೆ ಒಂದು ಚುನಾವಣೆಯ ಬಾಂಡಿಗೆ, ಟ್ಯಾಕ್ಸಿಗೆ ಹಿಡಿದ ಬೆಲೆಯ ಪ್ರತಿ ಒಂದು ಲಕ್ಷ ಡಾಲರಿಗೆ ವರ್ಷಕ್ಕೆ 60 ಡಾಲರ್ ಮೀರುವಂತೆ ಯೋಜನೆ ಹಾಕುವಂತಿಲ್ಲ. ಹತ್ತು ಲಕ್ಷದ ಮನೆಗೆ 600 ಡಾಲರ್. ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಆ ದುಡ್ಡಿನ ಮೇಲೆ ಕಣ್ಣಿಡಲು ಊರಿನವರದೇ ಒಂದು ಸಮಿತಿ ಇರುತ್ತದೆ. ಅದರ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು, ವೋಟಿಲ್ಲದವರು ಕೂಡ. ಯಾರಾದರೂ ಬರುವುದಾದರೆ ನಾನೂ ಬರುತ್ತೇನೆ.

ಇನ್ನು ಕೆಲಸವನ್ನು ರಜೆಯಲ್ಲೇ ಮುಗಿಸಬಹುದಿತ್ತಲ್ವಾ ಎಂಬ ಪ್ರಶ್ನೆ. ನಡೆಯುತ್ತಿರುವುದು ಸುಮ್ನೆ ಬಣ್ಣ ಬಳಿಯುವ ಕೆಲಸವಲ್ಲ. ಹಳೆಯ ಗೋಡೆಗಳನ್ನು ಭೂಕಂಪ ತಡೆಯುವಂತೆ ಬಲಪಡಿಸುತ್ತಿದ್ದಾರೆ. 1933ರ ಮಾರ್ಚ್ 10ರಂದು ಇದೇ ರಾಜ್ಯದ ಲಾಂಗ್ ಬೀಚ್‌ನಲ್ಲಿ ಭೂಮಿ ನಡುಗಿ ಎಷ್ಟೋ ಶಾಲೆಗಳು ಕುಸಿದವು. ಆಗ ಸಂಜೆ ಆರರ ಹತ್ತಿರ. ಮಕ್ಕಳು ಮನೆಗೆ ಹೋಗಿದ್ದರು, ಅದೊಂದೇ ಪುಣ್ಯ. ಒಂದೇ ತಿಂಗಳಲ್ಲಿ ಫೀಲ್ಡ್ ಆಕ್ಟ್ ಎಂಬ ಕಾನೂನು ಬಂತು. ಅಂದಿನಿಂದ ಸರ್ಕಾರಿ ಶಾಲೆಯ ಕಟ್ಟಡದ ನಕ್ಷೆಯನ್ನೂ ಕೆಲಸವನ್ನೂ ರಾಜ್ಯದವರೇ ಪರೀಕ್ಷಿಸಬೇಕು. ಹತ್ತು ವಾರದ ರಜೆ ಅದಕ್ಕೆ ಸಾಲದು. ಬಿಚ್ಚಿಟ್ಟ ಗೋಡೆಯ ಪಕ್ಕ ನಿಮ್ಮ ಮಕ್ಕಳನ್ನು ಕೂರಿಸಲು ನಾನು ಒಪ್ಪುವುದಿಲ್ಲ. ಯಾರು ಎಷ್ಟು ಒತ್ತಾಯ ಮಾಡಿದರೂ ಒಪ್ಪುವುದಿಲ್ಲ.

ನಾನು ಓದಿದ ಹಳ್ಳಿ ಶಾಲೆಯಲ್ಲಿ ಕೋಣೆ ಕಟ್ಟಿಸಿಕೊಟ್ಟವರ ಹೆಸರು, ಕೊಟ್ಟ ರೂಪಾಯಿ ಬಾಗಿಲ ಪಕ್ಕ ಕಲ್ಲಿನಲ್ಲಿ ಕೆತ್ತಿತ್ತು. ಅದನ್ನೇ ಓದಿ ನಾನು ಅಂಕಿ ಕಲಿತೆ. ಇಲ್ಲಿ ನಮ್ಮ ಹೆಸರು ಯಾವ ಗೋಡೆಯ ಮೇಲೂ ಬರುವುದಿಲ್ಲ. ಕೌಂಟಿಯ ಟ್ಯಾಕ್ಸ್ ಬಿಲ್ಲಿನಲ್ಲಿ ಒಂದು ಸಾಲು, ಅಷ್ಟೇ. ಕೋಣೆ ಮಾತ್ರ ನಿಜವಾಗಿ ಎದ್ದು ನಿಲ್ಲುತ್ತಿದೆ. ವಾರದ ದಿನಗಳಲ್ಲಿ ನಮ್ಮದೇ ಎಷ್ಟೋ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಾರೆ.

ಮುಂದಿನ ವಾರದಿಂದ ಪ್ರತಿ ಪೋರ್ಟಬಲ್ಲಿಗೂ ಒಬ್ಬ ಸ್ವಯಂಸೇವಕರು ಇರುತ್ತಾರೆ. ಚಿಕ್ಕವರನ್ನು ಟಾಯ್ಲೆಟ್ಟಿಗೆ ಕರೆದೊಯ್ಯುವುದು ಅವರ ಕೆಲಸ. ಮಾತು ಕೇಳಿಸದಷ್ಟು ಸದ್ದಿದ್ದರೆ ಎಸಿ ಆರಿಸಿ ಕಿಟಕಿ ತೆಗೆಯಲು ಟೀಚರುಗಳಿಗೆ ಹೇಳಿದ್ದೇನೆ.

ನಿಮ್ಮಿಂದ ಬೇಕಿರುವುದು ಇಷ್ಟೇ: ಬೆಳಿಗ್ಗೆ 9:45ಕ್ಕೆ ಹಿಂದಿನ ಗೇಟಿಗೆ ಬಂದು, ಮಗುವಿನ ಕೈಹಿಡಿದು ಕೋಣೆಯವರೆಗೆ ಬಿಟ್ಟುಹೋಗಿ.

ಅರ್ಧಕ್ಕೇ ಹೋದ ಹುಡುಗಿಯ ಕಾಗುಣಿತದ ಪುಸ್ತಕ ನನ್ನ ಹತ್ತಿರವೇ ಇದೆ. ಅವಳು ಭಾನುವಾರ ಬಂದಾಗ ಕೊಡುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ