ಟೆನಿಸ್ ಆಡುವ ಮಕ್ಕಳ ಭುಜದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಪತ್ರ ನಮ್ಮ ಶಾಲೆಯಲ್ಲಿ ಟೆನಿಸ್ ಆಡುವ ಮಕ್ಕಳ ಮನೆಯವರಿಗೆ. ಉಳಿದವರೂ ಓದಬಹುದು, ಬ್ಯಾಗಿನ ವಿಷಯ ಎಲ್ಲರಿಗೂ ಸೇರಿದ್ದೇ.

ಮುಂದಿನ ಸೋಮವಾರದಿಂದ ಟೆನಿಸ್ ಕ್ಲಾಸಿನ ಮೊದಲ ಕಾಲು ಗಂಟೆ ಯಾರೂ ರ‍್ಯಾಕೆಟ್ ಮುಟ್ಟುವುದಿಲ್ಲ. ಆ ಹೊತ್ತು ಪೂರ್ತಿ ಭುಜ, ಬೆನ್ನು, ಕಾಲಿನ ವ್ಯಾಯಾಮಕ್ಕೆ. "ಇರೋದೇ ಒಂದು ಗಂಟೆ ಮೇಡಂ, ಅದರಲ್ಲೂ ಕಾಲು ಗಂಟೆ ಹೋಯ್ತಾ?" ಅಂತ ಕೆಲವರು ಆಗಲೇ ಫೋನ್ ಮಾಡಿ ಕೇಳಿದ್ದಾರೆ. ಅದಕ್ಕೇ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕಳೆದ ವಾರ ಪಿ.ಟಿ. ಸರ್ ಈ ಮಕ್ಕಳನ್ನು ಗೋಡೆಗೆ ಎರಡೂ ಅಂಗೈ ಊರಿಸಿ ನಿಲ್ಲಿಸಿದ್ದರು. ನಿಧಾನಕ್ಕೆ ಗೋಡೆ ಹತ್ತಿರ ಬಾಗಿ, ಮತ್ತೆ ತಳ್ಳಿಕೊಂಡು ಹಿಂದೆ ಬನ್ನಿ ಅಂದರು. ಹಿಂದಿನಿಂದ ನೋಡಿದರೆ ಸುಮಾರು ಮಕ್ಕಳಿಗೆ ಬಲಗಡೆ ಹೆಗಲ ಹಿಂದಿನ ಚಪ್ಪಟೆ ಮೂಳೆ ಬನಿಯನ್ ಒಳಗಿಂದ ರೆಕ್ಕೆಯಂತೆ ಎದ್ದು ಕಾಣುತ್ತಿತ್ತು. ಎಡಗಡೆ ಅಷ್ಟಿಲ್ಲ. ಎಡಗೈಯಲ್ಲಿ ಆಡುವ ಒಬ್ಬಳಿಗೆ ಮಾತ್ರ ಉಲ್ಟಾ. ಆ ಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸ್ನಾಯುಗಳಲ್ಲಿ ಬಲ ಸಾಲದಿದ್ದರೆ ಹೀಗಾಗುತ್ತದೆ. ಮನೆಯಲ್ಲಿ ನೀವೂ ನೋಡಬಹುದು.

ಸರ್ವ್ ಮಾಡುವಾಗ ಕೈಯನ್ನು ಮುಂದಕ್ಕೆ ಬೀಸುವುದು ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು. ಆಡ್ತಾ ಆಡ್ತಾ ಅವು ತಾವಾಗೇ ಗಟ್ಟಿಯಾಗುತ್ತವೆ. ಚೆಂಡಿಗೆ ಹೊಡೆದ ಮೇಲೆ, ಅಷ್ಟು ವೇಗದಲ್ಲಿ ಹೋಗುತ್ತಿರುವ ಕೈಯನ್ನು ತಡೆಯುವುದು ಭುಜದ ಹಿಂಭಾಗದ ಸಣ್ಣ ಸ್ನಾಯುಗಳು. ಬರೀ ಆಟದಿಂದ ಅವು ಅದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಕೈಯನ್ನು ಒಳಕ್ಕೆ ತಿರುಗಿಸುವ ಬಲ ಮೂರು ಪಾಲಿದ್ದರೆ, ಹೊರಕ್ಕೆ ತಿರುಗಿಸುವ ಬಲ ಎರಡು ಪಾಲಾದರೂ ಇರಬೇಕು ಅನ್ನುವುದು ಫಿಸಿಯೋಗಳ ಲೆಕ್ಕ. ಸುಮ್ನೆ ಇನ್ನೊಂದು ಬಕೆಟ್ ಚೆಂಡು ಸರ್ವ್ ಮಾಡಿಸಿದರೆ ಈ ಲೆಕ್ಕ ಇನ್ನಷ್ಟು ಏರುಪೇರಾಗುತ್ತದೆ. ಅದೂ ಅಲ್ಲದೆ, ಸರ್ವ್‌ನ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಬರುವುದು ಕಾಲು, ಸೊಂಟದಿಂದ. ಮಂಡಿ ಬಗ್ಗಿಸದೆ ಹೊಡೆಯುವ ಮಗುವಿನ ಭುಜವೇ ಆ ಕೆಲಸವನ್ನೂ ಮಾಡಬೇಕಾಗುತ್ತದೆ.

ವ್ಯಾಯಾಮ ಬಹಳ ಸರಳ. ರಬ್ಬರ್ ಬ್ಯಾಂಡಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟುತ್ತೇವೆ. ಮಗು ಅದಕ್ಕೆ ಪಕ್ಕವಾಗಿ ನಿಂತು, ಮೊಣಕೈ ಮಡಿಸಿ ಪಕ್ಕೆಗೆ ಅಂಟಿಸಿಕೊಳ್ಳಬೇಕು. ಕಂಕುಳಲ್ಲಿ ಸುರುಳಿ ಸುತ್ತಿದ ಸಣ್ಣ ಟವೆಲ್. ಅದು ಬೀಳದ ಹಾಗೆ ಬ್ಯಾಂಡನ್ನು ಹೊರಕ್ಕೆ ಎಳೆಯಬೇಕು. ಅದಕ್ಕಿಂತ ನಿಧಾನವಾಗಿ ವಾಪಸ್ ಬಿಡಬೇಕು. ಮಕ್ಕಳು ಅವಸರ ಮಾಡುವುದು ಈ ವಾಪಸ್ ಬಿಡುವಾಗಲೇ. ಸ್ನಾಯು ತಡೆಯುವುದನ್ನು ಕಲಿಯುವುದೂ ಆಗಲೇ. ಒಂದು ಸುತ್ತಿಗೆ 15 ಸಲ, ಎರಡು ಸುತ್ತು, ಎರಡೂ ಕೈಗೆ. ಆಮೇಲೆ ಗೋಡೆ ತಳ್ಳುವುದು, ಬ್ಯಾಂಡನ್ನು ಎದೆಗೆ ಎಳೆದುಕೊಳ್ಳುವುದು, ಬಸ್ಕಿ. ಭಾರದ ಡಂಬೆಲ್ ಬೇಡ. "ಎದೆ ಬರ್ಲಿ" ಅಂತ ಜಿಮ್ಮಿಗೆ ಕಳಿಸುವುದಂತೂ ಬೇಡವೇ ಬೇಡ, ಮುಂಭಾಗ ಈಗಾಗಲೇ ಜಾಸ್ತಿಯಾಗಿದೆ.

ಇನ್ನು ನೋವಿನ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಬೆಳೆಯುವ ಮಕ್ಕಳ ರಟ್ಟೆಯ ಮೂಳೆಯ ಮೇಲ್ತುದಿಯಲ್ಲಿ ಇನ್ನೂ ಗಟ್ಟಿಯಾಗದ ಒಂದು ಮೆತ್ತನೆಯ ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಅದು ಪೂರ್ತಿ ಕೂಡಿಕೊಳ್ಳುವಷ್ಟರಲ್ಲಿ ಮಗು ಪಿಯುಸಿ ಆಸುಪಾಸಿಗೆ ಬಂದಿರುತ್ತದೆ. ಅಷ್ಟರೊಳಗೆ ಒಂದೇ ಕೈ ಮೇಲೆ ದಿನಾ ವಿಪರೀತ ಹೊರೆ ಬಿದ್ದರೆ ಆ ಪದರಕ್ಕೇ ಏಟು. ಮೊದಮೊದಲು ಸರ್ವ್ ಮಾಡುವಾಗ ಮಾತ್ರ ರಟ್ಟೆಯ ಮೇಲ್ಭಾಗ ನೋಯುತ್ತದೆ. ಆಮೇಲೆ ಬ್ಯಾಗ್ ಎತ್ತಿದರೂ ನೋವು. ಇದಕ್ಕೆ ಮುಖ್ಯ ಔಷಧಿ ವಿಶ್ರಾಂತಿ, ಅದೂ ಸಾಮಾನ್ಯವಾಗಿ ಮೂರು ತಿಂಗಳಷ್ಟು. ಹಾಗಾಗಿ ಮಗು "ಅಮ್ಮಾ, ರಟ್ಟೆ ನೋವು" ಅಂದರೆ ಮುಲಾಮು ತಿಕ್ಕಿ, ಮಾತ್ರೆ ನುಂಗಿಸಿ ಭಾನುವಾರದ ಮ್ಯಾಚಿಗೆ ಕಳಿಸಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ಅದಕ್ಕಾಗಿ ಯಾರನ್ನೂ ಟೀಮಿನಿಂದ ತೆಗೆಯುವುದಿಲ್ಲ.

"ಈಗ ಬಿಟ್ಟರೆ ವಯಸ್ಸು ಮೀರುತ್ತಲ್ವಾ?" ಅನ್ನುವವರಿಗೆ ಒಂದು ಮಾತು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ.

ಮೆತ್ತನೆ ಚೆಂಡಿನ ಬಗ್ಗೆಯೂ ದೂರು ಬಂದಿದೆ. ಫೀಸು ಕಟ್ಟಿದ್ದೇವೆ, ಹಳದಿ ಚೆಂಡಿನಲ್ಲೇ ಆಡಿಸಿ ಅಂತ. 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮವೇ ಹಾಗಿದೆ. 10 ವರ್ಷ ಮತ್ತು ಅದಕ್ಕೂ ಚಿಕ್ಕವರ ಪಂದ್ಯಕ್ಕೆ ಮಾಮೂಲಿ ಹಳದಿ ಚೆಂಡಲ್ಲ, ಅದಕ್ಕಿಂತ ಮೆತ್ತನೆಯ ಕೆಂಪು, ಕಿತ್ತಳೆ ಅಥವಾ ಹಸಿರು ಚೆಂಡು. ಮಾಮೂಲಿ ಚೆಂಡು ಚಿಕ್ಕ ಮಕ್ಕಳ ತಲೆ ಮಟ್ಟಕ್ಕೆ ಪುಟಿಯುತ್ತದೆ, ಪ್ರತಿ ಹೊಡೆತಕ್ಕೂ ಕೈ ಮೇಲೆತ್ತಬೇಕು. ರ‍್ಯಾಕೆಟ್ಟೂ ಅಷ್ಟೇ. ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದು ತಂದ ಹಾಗೆ ದೊಡ್ಡವರ 27 ಇಂಚಿನದನ್ನು ತರಬೇಡಿ. ಕೊಳ್ಳುವ ಮೊದಲು ಕೋಚ್‌ಗೆ ಒಂದು ಮಾತು ಕೇಳಿ.

ಬ್ಯಾಗ್: 6ರಿಂದ 8ನೇ ತರಗತಿಯ ಬ್ಯಾಗ್ 4 ಕೆ.ಜಿ. ಮೀರಬಾರದು ಅಂತ ಶಿಕ್ಷಣ ಇಲಾಖೆ 2019ರಲ್ಲೇ ಹೇಳಿದೆ. ನಮ್ಮ ಗೇಟಿನಲ್ಲಿ ಕಾಣುವುದೇ ಬೇರೆ. ಪುಸ್ತಕದ ಬ್ಯಾಗಿನ ಎರಡೂ ಪಟ್ಟಿ ಹಾಕಿಸಿ. ಟೆನಿಸ್ ಕಿಟ್ ಇಡಲು ಪಿ.ಟಿ. ರೂಮಿನಲ್ಲಿ ಜಾಗ ಮಾಡಿದ್ದೇವೆ.

ಕೊನೆಯದಾಗಿ ಒಂದು ಕೋರಿಕೆ. ಕೆಲವು ಮಕ್ಕಳು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ, ಸಂಜೆ ಶಾಲೆಯಲ್ಲಿ, ಶನಿವಾರ ಕಬ್ಬನ್ ಪಾರ್ಕ್ ಕಡೆ ಆಡುತ್ತಾರೆ. ಮೂರು ಕಡೆಯೂ ಸರ್ವ್ ಮಾಡಿಸುತ್ತಾರೆ. ಒಬ್ಬ ಕೋಚ್ ಮಾಡಿಸಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮಗು ಹೊರಗೆ ಎಲ್ಲಿ, ಯಾವ ದಿನ, ಎಷ್ಟು ಹೊತ್ತು ಆಡುತ್ತದೆ ಅಂತ ಡೈರಿಯಲ್ಲಿ ಬರೆದು ಶುಕ್ರವಾರದೊಳಗೆ ಕಳಿಸಿ. ವಾರದಲ್ಲಿ ಒಂದು ದಿನವಾದರೂ ಆ ಕೈಗೆ ಪೂರ್ತಿ ರಜೆ ಸಿಗುವ ಹಾಗೆ ನಮ್ಮ ಕೋಚ್ ಟೈಮ್‌ಟೇಬಲ್ ಹೊಂದಿಸುತ್ತಾರೆ. ಬ್ಯಾಂಡ್ ಶಾಲೆಯಿಂದಲೇ ಕೊಡುತ್ತೇವೆ, ನೀವು ಕೊಳ್ಳಬೇಕಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ